ಕೊಕ್ಕರೆಯ ಒಂದು ಹನಿ ರಕ್ತ: ಪರೋಪಜೀವಿಗಳನ್ನು ಪರೀಕ್ಷಿಸುವ ಕ್ರಮ

ಪುಣೆಯಿಂದ ಸೋಲಾಪುರದ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಸಾಗಿದರೆ ಭಿಗವಣ ಸಿಗುತ್ತದೆ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟೆಯ ಹಿನ್ನೀರು ಅಲ್ಲಿ ಕಬ್ಬಿನ ಗದ್ದೆಗಳ ಅಂಚಿನವರೆಗೂ ಹರಡಿಕೊಂಡಿದೆ. ಚಳಿಗಾಲದ ಬೆಳಗ್ಗೆ ದೋಣಿ ಹತ್ತಿದವರಿಗೆ ಪಟ್ಟೆತಲೆ ಹೆಬ್ಬಾತು, ರಾಜಹಂಸಗಳ ಜೊತೆಗೆ ಮೊಣಕಾಲುದ್ದದ ನೀರಿನಲ್ಲಿ ಕೊಕ್ಕನ್ನು ಅರೆತೆರೆದು ಮೀನಿಗಾಗಿ ತಡಕಾಡುವ ಬಣ್ಣದ ಕೊಕ್ಕರೆಗಳು ಕಾಣಿಸುತ್ತವೆ. ದೋಣಿಯವರು ಅವನ್ನು ಚಿತ್ರಬಲಾಕ್ ಎನ್ನುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಹುಣಸೆ ಮರಗಳಲ್ಲಿ ಇದೇ ಹಕ್ಕಿಯ ಗೂಡುಗಳನ್ನು ನೋಡಿ ಬಂದ ಕನ್ನಡಿಗರಿಗೆ, ಇಂದಾಪುರದ ತಹಸೀಲ್ದಾರ್ ಕಚೇರಿಯ ಆವರಣದ ಮರಗಳಲ್ಲಿ ಅದು ಗೂಡು ಕಟ್ಟಿರುವುದನ್ನು ಕಂಡಾಗ ಊರಿನವರೇ ಸಿಕ್ಕಷ್ಟು ಸಂತೋಷವಾಗುತ್ತದೆ.

ಪುಣೆ, ಮುಂಬೈ ಮತ್ತು ಗೋವಾಗಳಲ್ಲಿ ಪಶುವೈದ್ಯವನ್ನೋ ಜೀವಶಾಸ್ತ್ರವನ್ನೋ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗೆ, ಗಾಯಗೊಂಡ ಹಕ್ಕಿಗಳನ್ನು ಉಳಿಸುವ ಸ್ವಯಂಸೇವಕರಿಗೆ ಈ ಬರಹ. ಕೊಕ್ಕರೆಯ ರಕ್ತದಲ್ಲಿ ಇರಬಹುದಾದ ಪರೋಪಜೀವಿಗಳನ್ನು ಹೇಗೆ ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಅದರಿಂದ ಹಕ್ಕಿಗೆ ಯಾವ ಉಪಕಾರ ಆಗಬೇಕು ಎಂಬುದನ್ನು, ಪುಣೆಯ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹಕ್ಕಿಗಳ ರಕ್ತದ ಸ್ಲೈಡುಗಳನ್ನು ನೋಡಿದ ಅನುಭವದಿಂದ ಬರೆಯುತ್ತಿದ್ದೇನೆ.

ರಕ್ತದೊಳಗೆ ಇರುವವರು ಯಾರು

ಹಕ್ಕಿಗಳ ರಕ್ತಕಣಗಳೊಳಗೆ ಬದುಕುವ ಏಕಕೋಶ ಜೀವಿಗಳಲ್ಲಿ ಮುಖ್ಯವಾದವು ಮೂರು ಕುಲಗಳು: ಪ್ಲಾಸ್ಮೋಡಿಯಂ, ಹೀಮೋಪ್ರೋಟಿಯಸ್ ಮತ್ತು ಲ್ಯೂಕೋಸೈಟೋಜೂನ್. ಮೊದಲನೆಯದು ಮನುಷ್ಯರ ಮಲೇರಿಯಾ ಜೀವಿಯ ಬಂಧು. ಅದನ್ನು ಸೊಳ್ಳೆಗಳು, ಹೆಚ್ಚಾಗಿ ಕ್ಯೂಲೆಕ್ಸ್ ಕುಲದವು, ಹರಡುತ್ತವೆ. ಹೀಮೋಪ್ರೋಟಿಯಸ್ ಅನ್ನು ಕ್ಯುಲಿಕಾಯ್ಡಿಸ್ ಎಂಬ ಕಚ್ಚುವ ನುಸಿಗಳು ಮತ್ತು ಹಕ್ಕಿಯ ಗರಿಗಳ ನಡುವೆ ಹರಿದಾಡುವ ಚಪ್ಪಟೆ ನೊಣಗಳು ಸಾಗಿಸುತ್ತವೆ. ಲ್ಯೂಕೋಸೈಟೋಜೂನ್ ಹರಡುವುದು ಹರಿಯುವ ನೀರಿನಲ್ಲಿ ಬೆಳೆಯುವ ಕರಿನೊಣಗಳಿಂದ. ಆದ್ದರಿಂದ ಉಜನಿಯಂಥ ನಿಂತ ನೀರಿಗಿಂತ ಗೋವಾದ ಸಹ್ಯಾದ್ರಿ ತಪ್ಪಲಿನ ಹಳ್ಳಗಳ ಹತ್ತಿರ ಅದನ್ನು ನಿರೀಕ್ಷಿಸುವುದು ಹೆಚ್ಚು ಸಮಂಜಸ. ಇವಲ್ಲದೆ ರಕ್ತದ್ರವದಲ್ಲಿ ಈಜುವ ಟ್ರಿಪನೋಸೋಮಗಳೂ ದಾರದೆಳೆಯಂಥ ಫೈಲೇರಿಯಾ ಮರಿಹುಳುಗಳೂ ಒಮ್ಮೊಮ್ಮೆ ಸಿಗುತ್ತವೆ. ಹಕ್ಕಿಗಳ ಮಲೇರಿಯಾ ಮನುಷ್ಯರಿಗೆ ಅಂಟುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಗೂಡಿನ ಮರದ ಕೆಳಗೆ ವಾಸಿಸುವವರು ಮೊದಲು ಕೇಳುವ ಪ್ರಶ್ನೆ ಅದೇ.

ಈ ವಿದ್ಯೆ ನಮ್ಮ ನೆಲದಲ್ಲಿಯೇ ಹುಟ್ಟಿದ್ದು. ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ. ಆದರೆ ಸೊಳ್ಳೆಯಿಂದ ಮತ್ತೊಂದು ದೇಹಕ್ಕೆ ಅದು ದಾಟುವ ಪೂರ್ಣ ಚಕ್ರವನ್ನು 1898ರಲ್ಲಿ ಕಲ್ಕತ್ತೆಯಲ್ಲಿ ಅವನು ತೋರಿಸಿಕೊಟ್ಟದ್ದು ಹಕ್ಕಿಗಳ ಮಲೇರಿಯಾದಲ್ಲಿ. ಹಕ್ಕಿಗಳ ರಕ್ತವನ್ನು ನೋಡಲು ಕುಳಿತಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಕೊಕ್ಕರೆಗಳ ಮಟ್ಟಿಗೆ ಹೇಳುವುದಾದರೆ, ಆಫ್ರಿಕಾದ ಮಾರಬೂ ಕೊಕ್ಕರೆಯಲ್ಲಿ ಹೀಮೋಪ್ರೋಟಿಯಸ್ ಇರುವುದು ಬಹಳ ಹಿಂದೆಯೇ ದಾಖಲಾಗಿದೆ. ನಮ್ಮ ಬಣ್ಣದ ಕೊಕ್ಕರೆಯ ಕುಲಕ್ಕೇ ಸೇರಿದ ಅಮೆರಿಕದ ಮರಕೊಕ್ಕರೆಯಲ್ಲಿ ಬ್ರೆಜಿಲಿನ ಸಂಶೋಧಕರು ಹೀಮೋಪ್ರೋಟಿಯಸ್ ಮತ್ತು ಪ್ಲಾಸ್ಮೋಡಿಯಂ ಎರಡನ್ನೂ ಕಂಡಿದ್ದಾರೆ. ಹೆಚ್ಚಿನ ಕಾಡುಹಕ್ಕಿಗಳು ಇಂಥ ಅತಿಥಿಗಳನ್ನು ಹೊತ್ತುಕೊಂಡೇ ಬದುಕುತ್ತವೆ. ಆದರೆ ಹಿಂದೆಂದೂ ಈ ರೋಗವನ್ನು ಕಾಣದ ಹಕ್ಕಿಗಳಿಗೆ ಅದು ಏನು ಮಾಡಬಲ್ಲದು ಎಂಬುದಕ್ಕೆ ಹವಾಯಿ ದ್ವೀಪಗಳೇ ಸಾಕ್ಷಿ. ಹೊರಗಿನಿಂದ ಬಂದ ಸೊಳ್ಳೆ ಮತ್ತು ಪ್ಲಾಸ್ಮೋಡಿಯಂ ರೆಲಿಕ್ಟಂ ಸೇರಿ ಅಲ್ಲಿನ ಮಕರಂದ ಹೀರುವ ಹಕ್ಕಿಗಳ ಅನೇಕ ಜಾತಿಗಳನ್ನು ಅಳಿವಿನ ಅಂಚಿಗೆ ತಳ್ಳಿವೆ.

ಮೊದಲು ಪ್ರಶ್ನೆ, ಆಮೇಲೆ ಅನುಮತಿ

ಭಿಗವಣದ ಹತ್ತಿರದ ಒಂದು ಹಳ್ಳಿಯಲ್ಲಿ ಗೂಡಿನ ಮರವಿದ್ದ ಅಂಗಳದೊಡತಿ ಸೋಲಾಪುರ ಕಡೆಯ ಕನ್ನಡದವರು. ನಮ್ಮ ಪೆಟ್ಟಿಗೆ, ಕೈಗವಸುಗಳನ್ನು ನೋಡಿ ಅವರು, "ಹಕ್ಕಿ ರಕ್ತ ಯಾಕ ತಗೀತೀರ್ರಿ ಸರ, ಅದಕ್ಕ ಜಡ್ಡಾಗ್ಯಾದೇನು?" ಎಂದು ಕೇಳಿದರು. ಜೊತೆಗಿದ್ದ ವಿದ್ಯಾರ್ಥಿ, "ಜಡ್ಡು ಐತೋ ಇಲ್ಲೋ ನೋಡಾಕರೀ ಅವ್ವಾ" ಎಂದ. "ನೋಡಿ ಏನ್ ಮಾಡ್ತೀರಿ?" ಎಂದು ಅವರು ಮರುಪ್ರಶ್ನೆ ಹಾಕಿದಾಗ ಅವನ ಬಳಿ ಉತ್ತರವಿರಲಿಲ್ಲ. ಅಂದು ನಾವು ಯಾವ ಹಕ್ಕಿಯನ್ನೂ ಮುಟ್ಟದೆ ಹಿಂತಿರುಗಿದೆವು. ಆ ಪ್ರಶ್ನೆಗೆ ಉತ್ತರವನ್ನು ಕಾಗದದ ಮೇಲೆ ಬರೆಯಲು ಸಾಧ್ಯವಾಗುವವರೆಗೆ ಸೂಜಿಯನ್ನು ಹೊರತೆಗೆಯಬಾರದು ಎಂಬುದು ಅಂದಿನಿಂದ ನನ್ನ ನಿಯಮವಾಗಿದೆ.

ಉತ್ತರ ಹೀಗಿರಬಹುದು: ಈ ಗೂಡುತಾಣದಲ್ಲಿ ಹುಟ್ಟಿದ ಮರಿಗಳಿಗೆ ಇಲ್ಲಿಯೇ ಸೋಂಕು ತಗಲುತ್ತಿದೆಯೇ? ಆರೈಕೆ ಕೇಂದ್ರದಿಂದ ಬಿಡುಗಡೆಯಾಗುವ ಹಕ್ಕಿ ಹೊಸ ಪರೋಪಜೀವಿಯನ್ನು ಹಿನ್ನೀರಿಗೆ ಒಯ್ಯುತ್ತಿದೆಯೇ? ನೀರು ಕೊಳೆಯಾದ ಕಡೆ ಸೋಂಕು ಹೆಚ್ಚೇ? ಇವು ಉತ್ತರ ಸಿಗಬಲ್ಲ ಪ್ರಶ್ನೆಗಳು. ‘ಕೊಕ್ಕರೆಗಳ ಆರೋಗ್ಯ ಹೇಗಿದೆ’ ಎಂಬುದು ಅಂಥ ಪ್ರಶ್ನೆಯಲ್ಲ.

ಅನುಮತಿಯ ವಿಷಯದಲ್ಲಿ ಸಡಿಲಿಕೆಗೆ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೆ ಹಿಡಿಯುವುದು, ಬಲೆ ಒಡ್ಡುವುದು, ಮೊಟ್ಟೆ ಮತ್ತು ಗೂಡುಗಳಿಗೆ ಹಾನಿ ಮಾಡುವುದು ಎಲ್ಲವೂ ಸೇರಿವೆ. ಆದುದರಿಂದ ಸಂಶೋಧನೆಗಾಗಿಯಾದರೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಕಾಡುಹಕ್ಕಿಯ ಮೈ ಮುಟ್ಟುವಂತಿಲ್ಲ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಮಾದರಿಯನ್ನು ವಿದೇಶದ ಪ್ರಯೋಗಾಲಯದ ಜೊತೆ ಹಂಚಿಕೊಳ್ಳುವುದಾದರೆ 2002ರ ಜೀವವೈವಿಧ್ಯ ಕಾಯಿದೆಯ ವಿಧಿಗಳೂ ಅನ್ವಯಿಸುತ್ತವೆ. ಅರ್ಜಿ ಹಾಕುವವರು ಕಾಲೇಜಿನ ಅಥವಾ ಸಂಸ್ಥೆಯ ಮೂಲಕ, ಅನುಭವಿ ಪಶುವೈದ್ಯರೊಬ್ಬರನ್ನು ಜೊತೆಗಿಟ್ಟುಕೊಂಡು ಹಾಕಬೇಕು, ಮತ್ತು ಉತ್ತರಕ್ಕೆ ತಿಂಗಳುಗಟ್ಟಲೆ ಕಾಯುವ ಸಹನೆ ಇರಬೇಕು.

ಯಾವ ಹಕ್ಕಿಯಿಂದ ಆರಂಭಿಸಬೇಕು

ಈಗಾಗಲೇ ಮನುಷ್ಯರ ಕೈಗೆ ಬಂದಿರುವ ಹಕ್ಕಿಗಳಿಂದ ಆರಂಭಿಸಿ ಎಂಬುದು ನನ್ನ ದೃಢವಾದ ಸಲಹೆ. ಪ್ರತಿ ಸಂಕ್ರಾಂತಿಯ ಆಸುಪಾಸಿನಲ್ಲಿ ಪುಣೆಯಲ್ಲೂ ಮುಂಬೈಯಲ್ಲೂ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹಕ್ಕಿಗಳು ಆರೈಕೆ ಕೇಂದ್ರಗಳಿಗೆ ಬರುತ್ತವೆ. ವಿದ್ಯುತ್ ತಂತಿಗೆ ಬಡಿದವು, ಗೂಡಿನಿಂದ ಬಿದ್ದ ಮರಿಗಳು ವರ್ಷದ ಬೇರೆ ದಿನಗಳಲ್ಲಿ ಬರುತ್ತವೆ. ಚಿಕಿತ್ಸೆಗಾಗಿ ಪಶುವೈದ್ಯರು ಹೇಗೂ ರಕ್ತ ತೆಗೆಯುತ್ತಾರೆ. ಆ ಸಿರಿಂಜಿನ ತುದಿಯಲ್ಲಿ ಉಳಿಯುವ ಒಂದು ಹನಿಯಲ್ಲಿ ಎರಡು ಸ್ಲೈಡು ಮಾಡಬಹುದು. ಇದರಿಂದ ಯಾವ ಆರೋಗ್ಯವಂತ ಹಕ್ಕಿಗೂ ತೊಂದರೆಯಾಗುವುದಿಲ್ಲ. ಗಾಯಗೊಂಡ ಕಾಡುಹಕ್ಕಿ ಕಂಡರೆ ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿರಿ. ಮನೆಯಲ್ಲಿ ಇಟ್ಟುಕೊಂಡು ಸಾಕುವುದು ಅಪರಾಧ.

ಆದರೆ ಕೇಂದ್ರಕ್ಕೆ ಬಂದ ಹಕ್ಕಿಗಳು ಇಡೀ ಹಿಂಡಿನ ಪ್ರತಿನಿಧಿಗಳಲ್ಲ ಎಂಬ ಎಚ್ಚರ ಇರಲಿ. ರೋಗದಿಂದ ಬಳಲಿದ ಹಕ್ಕಿ ತಂತಿಗೆ ಬಡಿಯುವ ಸಂಭವ ಹೆಚ್ಚು. ಅದರ ಸೋಂಕು ಹಿಂಡಿನ ಸರಾಸರಿಗಿಂತ ಮೇಲಿದ್ದರೆ ಆಶ್ಚರ್ಯವಿಲ್ಲ.

ಸ್ಥಳೀಯವಾಗಿ ಸೋಂಕು ಹರಡುತ್ತಿದೆಯೇ ಎಂದು ತಿಳಿಯಬೇಕಾದರೆ ಮಾತ್ರ ಗೂಡಿನ ಮರಿಗಳನ್ನು ನೋಡಬೇಕಾಗುತ್ತದೆ. ದೊಡ್ಡ ಕೊಕ್ಕರೆ ಎಲ್ಲೆಲ್ಲೋ ಹಾರಾಡಿ ಬಂದಿರುತ್ತದೆ. ಅದಕ್ಕೆ ಸೋಂಕು ಎಲ್ಲಿ ತಗಲಿತೆಂದು ಹೇಳಲಾಗದು. ಇನ್ನೂ ಹಾರದ ಮರಿಯ ರಕ್ತದಲ್ಲಿ ಸಿಕ್ಕಿದ್ದು ಆ ಗೂಡಿನಲ್ಲಿಯೇ ಅಂಟಿದ್ದು. ಸೋಂಕು ತಗಲಿದ ಮೇಲೆ ರಕ್ತದಲ್ಲಿ ಪರೋಪಜೀವಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವಾರ ಹಿಡಿಯುವುದರಿಂದ, ಹತ್ತು ದಿನದ ಮರಿಯ ರಕ್ತ ತೆಗೆಯುವುದು ವ್ಯರ್ಥವೂ ಹೌದು, ಕ್ರೌರ್ಯವೂ ಹೌದು. ಇತ್ತ ಎಂಟು ವಾರ ದಾಟಿದ ಮರಿ ಮನುಷ್ಯನನ್ನು ಕಂಡೊಡನೆ ಹಾರಲು ಹೋಗಿ ಬೀಳುತ್ತದೆ. ನಾಲ್ಕರಿಂದ ಆರು ವಾರದ ನಡುವಿನ ಅವಧಿಯೇ ತಕ್ಕದ್ದು. ಬಿಸಿಲೇರುವ ಮೊದಲು ಕೆಲಸ ಮುಗಿಯಬೇಕು, ಏಕೆಂದರೆ ತಾಯಿ ರೆಕ್ಕೆ ಹರಡಿ ನೆರಳು ಕೊಡದಿದ್ದರೆ ತೆರೆದ ಗೂಡಿನ ಮರಿಗಳು ಕಾದು ಸಾಯುತ್ತವೆ.

ಗುಂಪಾಗಿ ಸತ್ತುಬಿದ್ದ ಹಕ್ಕಿಗಳನ್ನು ಕಂಡರೆ ಮುಟ್ಟಲೇಬೇಡಿ. ಹಕ್ಕಿಜ್ವರದ ಸಾಧ್ಯತೆಯನ್ನು ಮೊದಲು ತಳ್ಳಿಹಾಕಬೇಕಾಗುತ್ತದೆ. ಅಂಥ ಮಾದರಿಗಳ ಪರೀಕ್ಷೆ ನಡೆಯುವುದು ಭೋಪಾಲದ ಉನ್ನತ ಭದ್ರತೆಯ ರಾಷ್ಟ್ರೀಯ ಪ್ರಯೋಗಾಲಯದಲ್ಲಿ. ಪಶುಸಂಗೋಪನಾ ಇಲಾಖೆಗೆ ಸುದ್ದಿ ಮುಟ್ಟಿಸುವುದಷ್ಟೇ ನಮ್ಮ ಕೆಲಸ.

ಹಿಡಿಯುವ ಬಗೆ ಮತ್ತು ರಕ್ತ

ಬಣ್ಣದ ಕೊಕ್ಕರೆ ಎರಡರಿಂದ ಮೂರೂವರೆ ಕಿಲೋ ತೂಗುವ, ಒಂದು ಮೀಟರಿನಷ್ಟು ಎತ್ತರದ ಹಕ್ಕಿ. ಗಾಬರಿಯಾದಾಗ ಅದು ಕೊಕ್ಕಿನಿಂದ ನೇರವಾಗಿ ಕಣ್ಣಿಗೆ ಗುರಿಯಿಡುವುದರಿಂದ ಹಿಡಿಯುವವರು ಕನ್ನಡಕ ಧರಿಸಲೇಬೇಕು. ಒಬ್ಬರು ರೆಕ್ಕೆಗಳನ್ನು ಮೈಗೆ ಒತ್ತಿ ತೋಳಿನಡಿ ಹಿಡಿದು, ಇನ್ನೊಂದು ಕೈಯಲ್ಲಿ ತಲೆಯ ಹಿಂಭಾಗವನ್ನು ಆನಿಸಬೇಕು. ತೆಳುವಾದ ಹತ್ತಿಬಟ್ಟೆಯನ್ನು ತಲೆಯ ಮೇಲೆ ಹೊದಿಸಿದರೆ ಹಕ್ಕಿ ಬಹುಬೇಗ ಶಾಂತವಾಗುತ್ತದೆ. ಕೊಕ್ಕನ್ನು ದಾರದಿಂದಾಗಲಿ ಟೇಪಿನಿಂದಾಗಲಿ ಬಿಗಿದು ಕಟ್ಟಬಾರದು. ಬೆದರಿದ ಕೊಕ್ಕರೆ ನುಂಗಿದ್ದನ್ನು ಹೊರಹಾಕುತ್ತದೆ, ಕೊಕ್ಕು ಕಟ್ಟಿದ್ದರೆ ಅದೇ ಶ್ವಾಸನಾಳಕ್ಕೆ ಹೋಗುತ್ತದೆ. ಉದ್ದ ಕಾಲಿನ ಹಕ್ಕಿಗಳನ್ನು ಕಾಲು ಮಡಿಸಿ ಬಹಳ ಹೊತ್ತು ಹಿಡಿದರೆ ಸ್ನಾಯುಗಳು ಕೆಟ್ಟು, ಬಿಟ್ಟ ಮೇಲೂ ನಿಲ್ಲಲಾಗದೆ ಸಾಯುವುದುಂಟು. ಹಿಡಿದ ಗಳಿಗೆಯಿಂದ ಬಿಡುವವರೆಗೆ ಹತ್ತು ನಿಮಿಷ ಮೀರದಂತೆ ಒಬ್ಬರು ಗಡಿಯಾರ ನೋಡುತ್ತಾ ಕೂರಬೇಕು, ಮತ್ತು ಅವರು ಸಾಕು ಎಂದಾಗ ಕೆಲಸ ಅರ್ಧದಲ್ಲಿದ್ದರೂ ಹಕ್ಕಿಯನ್ನು ಬಿಡಬೇಕು.

ಕೊಕ್ಕರೆಯ ಕಾಲುಗಳು ಹತ್ತಿರದಿಂದ ನೋಡಿದಾಗ ಸುಣ್ಣ ಬಳಿದಂತೆ ಬೆಳ್ಳಗಿರುತ್ತವೆ. ಸೆಕೆಯಲ್ಲಿ ಅದು ತನ್ನ ಹಿಕ್ಕೆಯ ದ್ರವವನ್ನು ತಾನೇ ಕಾಲಿನ ಮೇಲೆ ಬಿಟ್ಟುಕೊಂಡು, ಅದು ಆರುವಾಗ ತಂಪಾಗುವ ಉಪಾಯ ಇದು. ಕಾಲಿನ ರಕ್ತನಾಳಕ್ಕೆ ಸೂಜಿ ಹಾಕುವುದಾದರೆ ಆ ಪದರವನ್ನು ತೊಳೆದು, ಸ್ಪಿರಿಟ್ಟಿನಿಂದ ಒರೆಸಿ, ಆರಿದ ಮೇಲೆಯೇ ಮುಂದುವರಿಯಬೇಕು. ನಾನು ರೆಕ್ಕೆಯ ಒಳಬದಿಯ ರಕ್ತನಾಳವನ್ನೇ ಮೆಚ್ಚುತ್ತೇನೆ: ಗರಿಗಳನ್ನು ಸ್ವಲ್ಪ ಒದ್ದೆ ಮಾಡಿ ಸರಿಸಿದರೆ ಮೊಣಕೈ ಬಳಿ ನೀಲಿಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕಾಲಿಗೆ ಉಂಗುರ ತೊಡಿಸುವವರೂ ಇದನ್ನು ನೆನಪಿಡಬೇಕು. ಕೆಳಗಾಲಿಗೆ ಹಾಕಿದ ಉಂಗುರದೊಳಗೆ ಹಿಕ್ಕೆ ಗಟ್ಟಿಯಾಗಿ ಕಾಲನ್ನೇ ಕೆಡಿಸುತ್ತದೆ.

ಹಕ್ಕಿಯ ತೂಕದ ಶೇ. 1ಕ್ಕಿಂತ ಹೆಚ್ಚು ರಕ್ತ ತೆಗೆಯಬಾರದು ಎಂಬುದು ಸರ್ವಸಮ್ಮತ ಮಿತಿ. ನಮಗೆ ಬೇಕಿರುವುದು ಅದರಲ್ಲಿ ಅತ್ಯಲ್ಪ, 0.2 ಮಿಲಿಲೀಟರ್ ಸಿಕ್ಕಿದರೆ ಸ್ಲೈಡುಗಳಿಗೂ ಡಿಎನ್‌ಎ ಪರೀಕ್ಷೆಗೂ ಧಾರಾಳ. ಸೂಜಿ ತೆಗೆದ ಮೇಲೆ ಹತ್ತಿಯಿಂದ ಒಂದೆರಡು ನಿಮಿಷ ಒತ್ತಿ ಹಿಡಿದು, ರಕ್ತ ಪೂರ್ತಿ ನಿಂತಿದೆಯೆಂದು ನೋಡಿಯೇ ಬಿಡಬೇಕು.

ಸ್ಲೈಡು ಮಾಡುವುದು

ಇಡೀ ಕೆಲಸದ ಜೀವಾಳ ಇಲ್ಲಿದೆ. ರಕ್ತ ದೇಹದಿಂದ ಹೊರಬಂದು ತಣ್ಣಗಾಗಿ ಗಾಳಿ ತಗಲಿದೊಡನೆ ಪರೋಪಜೀವಿಯ ಲಿಂಗಕೋಶಗಳು ತಾವು ಸೊಳ್ಳೆಯ ಹೊಟ್ಟೆಗೆ ಬಂದಿದ್ದೇವೆಂದು ತಿಳಿದವರಂತೆ ವರ್ತಿಸತೊಡಗುತ್ತವೆ. ಕೆಲವೇ ನಿಮಿಷಗಳಲ್ಲಿ ದುಂಡಗಾಗಿ, ರಕ್ತಕಣವನ್ನು ಒಡೆದು ಹೊರಬೀಳುತ್ತವೆ. ಆಮೇಲೆ ಜಾತಿ ಗುರುತಿಸಲು ಬೇಕಾದ ರೂಪ ಉಳಿದಿರುವುದಿಲ್ಲ. ಆದುದರಿಂದ ಸ್ಲೈಡನ್ನು ಹಕ್ಕಿಯ ಪಕ್ಕದಲ್ಲಿಯೇ, ತಕ್ಷಣವೇ ಮಾಡಬೇಕು. ರಕ್ತವನ್ನು ಟ್ಯೂಬಿನಲ್ಲಿಟ್ಟುಕೊಂಡು ಪುಣೆಗೆ ಬಂದು ಸಂಜೆ ಸ್ಲೈಡು ಮಾಡುವ ಪದ್ಧತಿಯನ್ನು ಬಿಟ್ಟುಬಿಡಿ.

ಜಿಡ್ಡಿಲ್ಲದ ಸ್ವಚ್ಛ ಗಾಜಿನ ಒಂದು ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹನಿಯನ್ನಿಡಿ. ಇನ್ನೊಂದು ಗಾಜಿನ ಅಂಚನ್ನು ಅದಕ್ಕೆ ತಾಗಿಸಿ, ಹನಿ ಅಂಚಿನುದ್ದಕ್ಕೂ ಹಬ್ಬಿದ ಮೇಲೆ, 30ರಿಂದ 45 ಡಿಗ್ರಿ ಓರೆಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಮುಂದೆ ತಳ್ಳಿ. ತುದಿ ಗರಿಯಂತೆ ತೆಳುವಾಗಿ ಕೊನೆಗೊಂಡರೆ ಲೇಪ ಸರಿಯಾಗಿದೆ. ಪ್ರತಿ ಹಕ್ಕಿಗೆ ಎರಡು ಅಥವಾ ಮೂರು ಸ್ಲೈಡು ಇರಲಿ. ಲೇಪ ಹತ್ತು ಹದಿನೈದು ಸೆಕೆಂಡಿನಲ್ಲಿ ಒಣಗಬೇಕು. ಭಿಗವಣದ ಬೇಸಿಗೆ ಗಾಳಿಯಲ್ಲಿ ಅದು ತಾನಾಗಿಯೇ ಒಣಗುತ್ತದೆ; ಮುಂಬೈ ಮತ್ತು ಗೋವಾದ ಮಳೆಗಾಲದ ತೇವದಲ್ಲಿ ಬ್ಯಾಟರಿಯ ಚಿಕ್ಕ ಫ್ಯಾನ್ ಇಲ್ಲದೆ ಆಗುವುದಿಲ್ಲ. ನಿಧಾನವಾಗಿ ಒಣಗಿದ ಕಣಗಳು ಸುಕ್ಕುಗಟ್ಟಿ ಯಾವುದಕ್ಕೂ ಬಾರದಂತಾಗುತ್ತವೆ.

ಗುರುತಿನ ಸಂಖ್ಯೆ, ದಿನಾಂಕಗಳನ್ನು ಸ್ಲೈಡಿನ ಮಬ್ಬು ತುದಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಪೆನ್ನಿನ ಮಸಿ ಮೆಥನಾಲಿನಲ್ಲಿ ಕರಗಿಹೋಗುತ್ತದೆ. ಒಣಗಿದ ಸ್ಲೈಡುಗಳನ್ನು ಅಂದೇ ಶುದ್ಧ ಮೆಥನಾಲಿನಲ್ಲಿ ಒಂದರಿಂದ ಮೂರು ನಿಮಿಷ ಅದ್ದಿ ಸ್ಥಿರಗೊಳಿಸಬೇಕು. ಇಲ್ಲವಾದರೆ ಇರುವೆ, ಜಿರಲೆ, ನೊಣಗಳು ರಕ್ತದ ಲೇಪವನ್ನು ತಿಂದುಬಿಡುತ್ತವೆ. ಬೆಳಗ್ಗೆ ಎದ್ದು ನೋಡಿದಾಗ ಗಾಜು ಅಲ್ಲಲ್ಲಿ ಕೆರೆದಂತೆ ಖಾಲಿಯಾಗಿದ್ದುದನ್ನು ನಾನು ಕಂಡಿದ್ದೇನೆ. ಮೆಥನಾಲ್ ಬಾಟಲಿಯ ಮುಚ್ಚಳವನ್ನು ಪ್ರತಿ ಸಲವೂ ಬಿಗಿಯಾಗಿ ಹಾಕಬೇಕು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಳೆಗಾಲದಲ್ಲಿ ನಾನು ಈ ವಿಷಯದಲ್ಲಿ ಅಜಾಗ್ರತೆ ತೋರಿದ್ದರಿಂದ, ಒಂದು ಆರೈಕೆ ಕೇಂದ್ರದಿಂದ ಬಂದ ಹಕ್ಕಿಗಳ ಅಷ್ಟೂ ಸ್ಲೈಡುಗಳಲ್ಲಿ ಕೆಂಪುಕಣಗಳ ತುಂಬ ಹೊಳೆಯುವ ಗುಳ್ಳೆಗಳಂಥ ಕಲೆಗಳು ಮೂಡಿ ಪರೀಕ್ಷೆ ಅಸಾಧ್ಯವಾಯಿತು. ಆ ಹಕ್ಕಿಗಳು ಅಷ್ಟರಲ್ಲಿ ಬಿಡುಗಡೆಯಾಗಿದ್ದವು. ಹಾಗೆಯೇ ಫಾರ್ಮಾಲಿನ್ ಡಬ್ಬಿಯ ಪಕ್ಕದಲ್ಲಿ ಸ್ಲೈಡುಗಳನ್ನು ಇಡಲೇಬೇಡಿ. ಅದರ ಆವಿ ತಗಲಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಬಣ್ಣ ಹಾಕಲು ಜೀಮ್ಸಾ ದ್ರಾವಣದ ಒಂದು ಭಾಗಕ್ಕೆ ಪಿಎಚ್ 7.0ರಿಂದ 7.2ರ ಬಫರ್ (ಹುಳಿ–ಕ್ಷಾರದ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) ಒಂಬತ್ತು ಭಾಗ ಬೆರೆಸಿ, ಸುಮಾರು ಒಂದು ಗಂಟೆ ಮುಳುಗಿಸಿಡಿ. ದ್ರಾವಣವನ್ನು ಮೊದಲೇ ಸೋಸಿರಬೇಕು. ನಲ್ಲಿಯ ನೀರಿನ ಗಡಸುತನ ಊರಿಂದೂರಿಗೆ ಬೇರೆಯಾದ್ದರಿಂದ ಬಫರ್ ಇಲ್ಲದೆ ಕೆಲಸ ಮಾಡಬಾರದು. ತೊಳೆದು, ನೆಟ್ಟಗೆ ನಿಲ್ಲಿಸಿ ಒಣಗಿಸಿ.

ನೋಡುವುದು ಮತ್ತು ಎಣಿಸುವುದು

ಮನುಷ್ಯರ ರಕ್ತವನ್ನಷ್ಟೇ ನೋಡಿ ಬಂದವರಿಗೆ ಹಕ್ಕಿಯ ಸ್ಲೈಡು ಮೊದಲ ನೋಟಕ್ಕೆ ಗಲಿಬಿಲಿ ಉಂಟುಮಾಡುತ್ತದೆ. ಇಲ್ಲಿ ಪ್ರತಿಯೊಂದು ಕೆಂಪುಕಣವೂ ಅಂಡಾಕಾರವಾಗಿದ್ದು, ನಡುವೆ ನೇರಳೆ ಬಣ್ಣದ ಕೋಶಕೇಂದ್ರ ಇರುತ್ತದೆ. ಆ ಕೇಂದ್ರದ ಪಕ್ಕದಲ್ಲಿ ಅಥವಾ ಅದನ್ನು ಬಳಸಿಕೊಂಡು, ನೀಲಿಛಾಯೆಯ ಮೈಯೊಳಗೆ ಚಿನ್ನಗಂದು ಅಥವಾ ಕಪ್ಪು ಕಣಗಳಿರುವ ವಸ್ತುವೊಂದು ಕಂಡರೆ ನಿಂತು ನೋಡಬೇಕು. ಆ ಕಣಗಳು ಹೀಮೋಜೋಯಿನ್, ಅಂದರೆ ಪರೋಪಜೀವಿಯು ಹೀಮೋಗ್ಲೋಬಿನ್ ತಿಂದುಳಿದ ಕಸ.

ಹೀಮೋಪ್ರೋಟಿಯಸ್ ರಕ್ತದಲ್ಲಿ ಲಿಂಗಕೋಶಗಳ ರೂಪದಲ್ಲಿ ಮಾತ್ರ ಕಾಣಿಸುತ್ತದೆ. ಬೆಳೆದದ್ದು ಕೋಶಕೇಂದ್ರವನ್ನು ಅಪ್ಪಿಕೊಂಡು ಕೊಕ್ಕೆಯ ಆಕಾರದಲ್ಲಿ ಬಾಗಿರುವುದುಂಟು. ಪ್ಲಾಸ್ಮೋಡಿಯಂ ಆದರೆ ಅದೇ ರಕ್ತಕಣಗಳೊಳಗೆ ಒಡೆದು ಹಲವಾಗುವ ಹಂತಗಳೂ ಸಿಗಬೇಕು. ಒಂದೇ ಕಣದೊಳಗೆ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಮರಿಗಳನ್ನು ಕಂಡರೆ ಅದು ಪ್ಲಾಸ್ಮೋಡಿಯಂ ಎಂಬುದರಲ್ಲಿ ಸಂದೇಹವಿಲ್ಲ. ಲ್ಯೂಕೋಸೈಟೋಜೂನಿನಲ್ಲಿ ಈ ಕಪ್ಪು ಕಣಗಳೇ ಇರುವುದಿಲ್ಲ, ಮತ್ತು ಅದು ಹೊಕ್ಕ ರಕ್ತಕಣ ಗುರುತು ಸಿಗದಷ್ಟು ವಿಕಾರವಾಗಿರುತ್ತದೆ. ಹೊಸಬರು ಬಣ್ಣದ ಗಸಿಯನ್ನೇ ಹೀಮೋಜೋಯಿನ್ ಎಂದು ಭ್ರಮಿಸುತ್ತಾರೆ. ಫೋಕಸ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ನೋಡಿ: ಗಸಿ ರಕ್ತಕಣದ ಮೇಲೆ ಬೇರೆಯೇ ಮಟ್ಟದಲ್ಲಿ ತೇಲುತ್ತಿರುತ್ತದೆ, ಪರೋಪಜೀವಿ ಕಣದ ಮಟ್ಟದಲ್ಲಿಯೇ ಇರುತ್ತದೆ.

ಮೊದಲು 400 ಪಟ್ಟು ಹಿಗ್ಗಿಸಿ ನೂರಕ್ಕೂ ಹೆಚ್ಚು ಕ್ಷೇತ್ರಗಳನ್ನು, ಅಂದರೆ ಸೂಕ್ಷ್ಮದರ್ಶಕದಲ್ಲಿ ಒಂದು ನೋಟಕ್ಕೆ ಕಾಣುವ ವೃತ್ತಗಳನ್ನು, ನೋಡಿ. ಟ್ರಿಪನೋಸೋಮ, ಫೈಲೇರಿಯಾಗಳಂಥ ದೊಡ್ಡವು ಆಗ ಸಿಗುತ್ತವೆ. ಬಳಿಕ ಎಣ್ಣೆ ಹಾಕಿ 1000 ಪಟ್ಟಿನಲ್ಲಿ ಕನಿಷ್ಠ 100 ಕ್ಷೇತ್ರ. ಒಂದು ಸ್ಲೈಡಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಸೋಂಕು ಕಂಡರೆ 10,000 ಕೆಂಪುಕಣಗಳಲ್ಲಿ ಎಷ್ಟರೊಳಗೆ ಪರೋಪಜೀವಿ ಇದೆ ಎಂದು ಎಣಿಸಿ ಬರೆಯಿರಿ. ‘ಸ್ವಲ್ಪ’, ‘ಬಹಳ’ ಎಂಬ ಮಾತುಗಳು ಮುಂದೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಏನೂ ಸಿಗದ ಸ್ಲೈಡನ್ನೂ ಅಷ್ಟೇ ಗೌರವದಿಂದ ದಾಖಲಿಸಬೇಕು. ಆದರೆ ಅದರ ಅರ್ಥವನ್ನು ಹಿಗ್ಗಿಸಬಾರದು. 30 ಹಕ್ಕಿಗಳನ್ನು ನೋಡಿ ಒಂದರಲ್ಲಿಯೂ ಸೋಂಕು ಕಾಣದಿದ್ದರೂ ಆ ಹಿಂಡಿನಲ್ಲಿ ಶೇ. 10ರವರೆಗೆ ಸೋಂಕು ಇರುವ ಸಾಧ್ಯತೆ ಉಳಿದೇ ಇರುತ್ತದೆ. ಮೂರನ್ನು ಹಕ್ಕಿಗಳ ಸಂಖ್ಯೆಯಿಂದ ಭಾಗಿಸಿದರೆ ಈ ಮೇಲಿನ ಮಿತಿ ಸಿಗುತ್ತದೆ ಎಂಬುದು ನೆನಪಿಡಲು ಸುಲಭವಾದ ಲೆಕ್ಕ. ಐದು ಹಕ್ಕಿ ನೋಡಿ ‘ಉಜನಿಯ ಕೊಕ್ಕರೆಗಳಲ್ಲಿ ಮಲೇರಿಯಾ ಇಲ್ಲ’ ಎಂದು ಬರೆದ ವರದಿಗಳನ್ನು ವಿದ್ಯಾರ್ಥಿಗಳು ತಂದಾಗ ನಾನು ಈ ಲೆಕ್ಕವನ್ನು ಅವರಿಂದಲೇ ಮಾಡಿಸುತ್ತೇನೆ.

ಡಿಎನ್‌ಎ ಪರೀಕ್ಷೆಗಾಗಿ ಉಳಿದ ರಕ್ತವನ್ನು ಶೇ. 95ರ ಎಥನಾಲಿನಲ್ಲಿ ಅಥವಾ ಅದಕ್ಕೆಂದೇ ಇರುವ ಕಾಗದದ ಕಾರ್ಡಿನ ಮೇಲೆ ಇಡಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಕಿದ ಟ್ಯೂಬು ಬೇಡ. ಅದು ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಪರೋಪಜೀವಿಯ ಸೈಟೋಕ್ರೋಮ್ ಬಿ ಜೀನಿನ ಸುಮಾರು 480 ಅಕ್ಷರಗಳ ತುಣುಕನ್ನು ಓದಿ, ಮಾಲಾವಿ ಎಂಬ ಅಂತರರಾಷ್ಟ್ರೀಯ ದತ್ತಸಂಚಯದೊಡನೆ ಹೋಲಿಸುವುದು ಇಂದಿನ ರೂಢಿ. ಪಿಸಿಆರ್ ಇದ್ದಮೇಲೆ ಸ್ಲೈಡು ಏಕೆಂದು ಕೇಳುವವರಿದ್ದಾರೆ. ಸೊಳ್ಳೆ ಆಗಷ್ಟೇ ಚುಚ್ಚಿ ಬಿಟ್ಟ, ಕೊಕ್ಕರೆಯ ದೇಹದಲ್ಲಿ ಎಂದೂ ಬೆಳೆಯಲಾರದ ಪರೋಪಜೀವಿಯ ಡಿಎನ್‌ಎ ಕೂಡ ಪಿಸಿಆರ್‌ಗೆ ಸಿಗುತ್ತದೆ. ಅದು ಈ ಹಕ್ಕಿಯಲ್ಲಿ ನಿಜವಾಗಿ ಬದುಕಿ ಮುಂದಿನ ಕೀಟಕ್ಕೆ ದಾಟಬಲ್ಲದೇ ಎಂಬುದನ್ನು ರಕ್ತಕಣದೊಳಗಿನ ಲಿಂಗಕೋಶ ಮಾತ್ರ ತೋರಿಸಬಲ್ಲದು.

ನೀರು, ಕೆಸರು, ಕೀಟ

ಹಕ್ಕಿಯನ್ನು ನೋಡಿ ಅದು ನಿಂತ ನೆಲವನ್ನು ನೋಡದಿದ್ದರೆ ಕೆಲಸ ಅರ್ಧವೇ ಆಯಿತು. ಪುಣೆಯ ಮುಳಾ–ಮುಠಾ ನದಿಗಳ ಕೊಳಚೆ ಭೀಮೆಗೆ ಸೇರಿ ಉಜನಿಗೇ ಬಂದು ನಿಲ್ಲುತ್ತದೆ. ಕ್ಯೂಲೆಕ್ಸ್ ಸೊಳ್ಳೆಗಳಿಗೆ ಇಂಥ ಸತ್ವ ತುಂಬಿದ ಕೊಳಕು ನೀರು ಪ್ರಿಯ. ದನಕರುಗಳ ಸಗಣಿ ಬೆರೆತ ಒದ್ದೆ ಕೆಸರಿನಲ್ಲಿ ಕ್ಯುಲಿಕಾಯ್ಡಿಸ್ ನುಸಿಗಳು ಬೆಳೆಯುತ್ತವೆ. ಗೂಡಿನ ಮರದಡಿ ಸಂಜೆಯಿಂದ ಬೆಳಗಿನವರೆಗೆ ಬೆಳಕಿನ ಬೋನು ತೂಗುಹಾಕಿ ಸಿಕ್ಕ ಕೀಟಗಳನ್ನು ಎಣಿಸಿಡುವುದು ಹಕ್ಕಿಗೆ ಯಾವ ತೊಂದರೆಯನ್ನೂ ಕೊಡದ ಕೆಲಸ, ಮತ್ತು ವಿದ್ಯಾರ್ಥಿಗಳಿಗೆ ಅತ್ಯುತ್ತಮ ಆರಂಭ. ಕೀಟದೊಳಗೆ ಪರೋಪಜೀವಿಯ ಡಿಎನ್‌ಎ ಸಿಕ್ಕಮಾತ್ರಕ್ಕೆ ಅದೇ ವಾಹಕವೆಂದು ತೀರ್ಮಾನಿಸಬಾರದು. ಅದು ಹೀರಿದ ರಕ್ತದಲ್ಲಿಯೇ ಇದ್ದಿರಬಹುದು. ಜೊಲ್ಲುಗ್ರಂಥಿಯಲ್ಲಿ ಕಂಡರೆ ಮಾತ್ರ ಖಚಿತ.

ಈ ದಿಸೆಯಲ್ಲಿ ಪುಣೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಅದರ ವೈರಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ವಲಸೆ ಹಕ್ಕಿಗಳ ಮೈಯ ಉಣ್ಣೆಗಳು ಇಂಥ ವೈರಸನ್ನು ಉತ್ತರದಿಂದ ತಂದಿರಬಹುದೇ ಎಂಬ ಶಂಕೆಯಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ದೊರೆತು, ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಆರಂಭವಾಯಿತು.

ಫಲಿತಾಂಶವನ್ನು ಏನು ಮಾಡಬೇಕು

ಪರೋಪಜೀವಿ ಸಿಕ್ಕಿತೆಂದು ಕಾಡುಹಕ್ಕಿಗಳಿಗೆ ಔಷಧ ಹಾಕಲು ಹೊರಡಬಾರದು. ಕಡಿಮೆ ಪ್ರಮಾಣದ ಸೋಂಕು ಸಹಜವಾದದ್ದು. ಗೂಡುತಾಣದ ಸುತ್ತ ಕೀಟನಾಶಕ ಸಿಂಪಡಿಸುವ ಸಲಹೆ ಯಾರಾದರೂ ಕೊಟ್ಟರೆ ಬಲವಾಗಿ ವಿರೋಧಿಸಿ, ಏಕೆಂದರೆ ಅದರಿಂದ ಸಾಯುವುದು ಮೊದಲು ಮೀನು ಮತ್ತು ಜಲಕೀಟಗಳು, ಅಂದರೆ ಕೊಕ್ಕರೆಯ ಊಟ. ಸಾವುಗಳೆಲ್ಲಕ್ಕೂ ರಕ್ತದ ಪರೋಪಜೀವಿಯೇ ಕಾರಣವೆಂಬ ಆತುರವೂ ಬೇಡ. ಕೊಕ್ಕರೆಬೆಳ್ಳೂರಿನಲ್ಲಿ 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದಾಗ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯ ದುಂಡುಹುಳುಗಳು.

ಆರೈಕೆ ಕೇಂದ್ರಗಳ ಮಟ್ಟಿಗೆ ಮಾತ್ರ ಫಲಿತಾಂಶದಿಂದ ನೇರ ಉಪಯೋಗವಿದೆ. ಬಂಧನದಲ್ಲಿರುವ ಹಕ್ಕಿಗೆ ಆಯಾಸವಿರುತ್ತದೆ, ಅಡಗಿದ ಸೋಂಕು ಆಗ ತಲೆಯೆತ್ತುತ್ತದೆ. ಪಂಜರಗಳಿಗೆ ಸೊಳ್ಳೆಬಲೆ ಕಟ್ಟಿಸಿ, ನೀರಿನ ತೊಟ್ಟಿಗಳನ್ನು ಎರಡು ದಿನಕ್ಕೊಮ್ಮೆ ಖಾಲಿ ಮಾಡಿಸಿ, ಬೇರೆ ಬೇರೆ ಜಾತಿಯ ಹಕ್ಕಿಗಳನ್ನು ಒಟ್ಟಿಗೆ ಇಡದಂತೆ ನೋಡಿಕೊಳ್ಳಿ. ಒಳಗೆ ಬಂದ ದಿನ ಒಂದು ಸ್ಲೈಡು, ಬಿಡುವ ಮುನ್ನ ಒಂದು ಸ್ಲೈಡು ಎಂಬ ಪದ್ಧತಿ ಇದ್ದರೆ ಸೋಂಕು ಎಲ್ಲಿ ತಗಲಿತೆಂಬುದು ತಿಳಿಯುತ್ತದೆ. ತೀವ್ರ ಸೋಂಕಿದ್ದ ಹಕ್ಕಿಗೆ ಚಿಕಿತ್ಸೆ ಬೇಕೇ ಎಂಬುದನ್ನು ಪಶುವೈದ್ಯರು ನಿರ್ಧರಿಸಬೇಕು. ಹಕ್ಕಿಯನ್ನು ಸಿಕ್ಕಿದ ಪ್ರದೇಶದಲ್ಲಿಯೇ ಬಿಡಬೇಕು. ಗೋವಾದ ಕರಂಬಳಿ ಕೆರೆಯ ಹತ್ತಿರ ಸಿಕ್ಕಿದ ಕೊಕ್ಕರೆಯನ್ನು ಉಜನಿಗೆ ತಂದು ಬಿಟ್ಟರೆ ಅದರ ರಕ್ತದೊಳಗಿನವರನ್ನೂ ತಂದಂತಾಗುತ್ತದೆ.

ಹಿಂಡಿನ ಮಟ್ಟದಲ್ಲಿ ಸೋಂಕಿನ ಅಂಕಿಗಳು ನೀರಿನ ಸ್ಥಿತಿಯ ಪರವಾಗಿ ಮಾತಾಡಬಲ್ಲ ಸಾಕ್ಷ್ಯವಾಗುತ್ತವೆ. ಹತ್ತು ವರ್ಷ ಒಂದೇ ವಿಧಾನದಲ್ಲಿ ಎಣಿಸಿದ ಲೆಕ್ಕವಿದ್ದರೆ ಕೊಳಚೆ ಶುದ್ಧೀಕರಣದ ಬಗೆಗಿನ ಚರ್ಚೆಯಲ್ಲಿ ಅದನ್ನು ಮೇಜಿನ ಮೇಲಿಡಬಹುದು. ಆದುದರಿಂದ ಪ್ರತಿ ಸ್ಲೈಡಿನ ಜೊತೆಗೆ ಹಕ್ಕಿಯ ವಯಸ್ಸು, ತೂಕ, ಸ್ಥಳ, ಮರದ ಜಾತಿ, ಗೂಡಿನ ಎತ್ತರ, ನೀರಿನ ದೂರ ಇಷ್ಟನ್ನೂ ಬರೆದಿಡಿ. ಒಂದು ಸ್ಲೈಡನ್ನು ಬಳಸಿ, ಇನ್ನೊಂದನ್ನು ಬಿಸಿಲು ಬೀಳದ ಪೆಟ್ಟಿಗೆಯಲ್ಲಿ ಮುಂದಿನವರಿಗಾಗಿ ಕಾಪಾಡಿ.

ಗೂಡಿನ ಮರದ ಒಡೆಯರಿಗೆ ಫಲಿತಾಂಶವನ್ನು ಖುದ್ದಾಗಿ ಹೋಗಿ ಹೇಳಬೇಕು. ಕೊಕ್ಕರೆಬೆಳ್ಳೂರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುವುದರಿಂದಲೇ ಅಲ್ಲಿ ಮರಗಳು ಉಳಿದಿವೆ. ಅನುಮತಿ ದೊರೆತ ಮುಂದಿನ ಋತುವಿನಲ್ಲಿ ಮೂರು ಗೂಡುಗಳ ಮರಿಗಳನ್ನು ನೋಡಿ ಮುಗಿಸಿದ ಮೇಲೆ ನಾವು ಆ ಸೋಲಾಪುರದ ಅವ್ವನ ಅಂಗಳಕ್ಕೆ ಮತ್ತೆ ಹೋದೆವು. ಎರಡು ಮರಿಗಳಲ್ಲಿ ಹೀಮೋಪ್ರೋಟಿಯಸ್ ಇದ್ದದ್ದನ್ನೂ, ಮರಿಗಳ ತೂಕ ಸರಿಯಾಗಿದ್ದುದನ್ನೂ, ಅದು ಮನೆಯ ಮಕ್ಕಳಿಗಾಗಲಿ ಕೋಳಿಗಳಿಗಾಗಲಿ ಹೆದರುವಂಥದ್ದಲ್ಲ ಎಂಬುದನ್ನೂ ವಿದ್ಯಾರ್ಥಿಯೇ ವಿವರಿಸಿದ. ಅವರು ಕೇಳಿಸಿಕೊಂಡು, ಮರದ ಬುಡದಲ್ಲಿ ಸಗಣಿ ಒಟ್ಟುವ ಜಾಗವನ್ನು ಹಿತ್ತಲಿನ ಆಚೆ ಬದಿಗೆ ಸಾಗಿಸಿದರೆ ನುಸಿ ಕಡಿಮೆಯಾದಾವೇ ಎಂದು ಕೇಳಿದರು. ಆ ವರ್ಷ ಗುಡ್ಡೆಯನ್ನು ಆಚೆಗೆ ಸರಿಸಿದರು. ಮರದಡಿಯ ಬೆಳಕಿನ ಬೋನಿನ ಲೆಕ್ಕವನ್ನು ನಾವು ಈಗಲೂ ಬರೆಯುತ್ತಿದ್ದೇವೆ.